ಸಹಾಯ ಬೇಕು: ಅವ್ವನಿಗೆ ಯೋಗ ಹೇಳಿಕೊಡುವವರು ಕಲಬುರಗಿಯಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಅವ್ವನಿಗೆ ಈಗ 68. ಬಿಪಿ ಗುಳಿಗೆ ನಡೆದಿದೆ, ಎರಡೂ ಮೊಣಕಾಲು ನೋವು. ಹೋದ ತಿಂಗಳು ಬಚ್ಚಲಲ್ಲಿ ಕಾಲು ಜಾರಿತು. ಮೂಳೆ ಮುರಿಯಲಿಲ್ಲ, ಆದರೆ ಅವತ್ತಿನಿಂದ ಭಯ ಹೊಕ್ಕಿದೆ. ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದವಳು, ಈಗ ಏಳುವಾಗ ಒಂದು ಕೈ ಕಟ್ಟೆ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ.

ಯೋಗ ಮಾಡಿಸಿ, ಕಾಲಿಗೆ ಬಲ ಬರುತ್ತದೆ, ತೋಲ ತಪ್ಪುವುದು ಕಡಿಮೆಯಾಗುತ್ತದೆ ಅಂದರು ಡಾಕ್ಟರು. ಸರಿ ಅಂತ ಒಂದು ಕ್ಲಾಸಿಗೆ ಕರೆದುಕೊಂಡು ಹೋದೆ. ಮೊದಲನೇ ದಿನವೇ ಹುಡುಗರ ಜೊತೆ ಸರ್ವಾಂಗಾಸನ ಮಾಡಿ ಅಂದುಬಿಟ್ಟರು! ಬಿಪಿ ಇದ್ದವರಿಗೆ ತಲೆ ಕೆಳಗಾಗುವ ಆಸನ ಬೇಡ ಅನ್ನುವುದು ನನಗೇ ಗೊತ್ತು. ಅವ್ವ ಸುಮ್ನೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

ಈಗ ಮನೆಯಲ್ಲೇ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದೇವೆ. ಅದನ್ನು ಹಿಡಿದು ನೆಟ್ಟಗೆ ನಿಲ್ಲುವ ತಾಡಾಸನ, ಕೂತು ಏಳುವುದು ಐದು ಸಲ, ಆಮೇಲೆ ದುಂಬಿಯ ಹಾಗೆ ಸದ್ದು ಮಾಡುತ್ತಾ ಉಸಿರು ಬಿಡುವ ಭ್ರಾಮರಿ. ಭ್ರಾಮರಿ ಅಂದರೆ ಖುಷಿ ಜಾಸ್ತಿ. ಮೊಮ್ಮಗನೂ ಪಕ್ಕದಲ್ಲಿ ಕೂತು ಗುಂಯ್ ಅನ್ನುತ್ತಾನೆ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ ಶುರು ಮಾಡಿಸಬಹುದಾ? ತಿಳಿದವರು ಹೇಳಿ.

ಮುಖ್ಯವಾಗಿ, ವಯಸ್ಸಾದವರಿಗಂತಲೇ ಕುರ್ಚಿ ಮೇಲೆ ಯೋಗ ಹೇಳಿಕೊಡುವವರು ಬೇಕು. ಶರಣಬಸವೇಶ್ವರ ಗುಡಿ ಕಡೆ ಇದ್ದರೆ ಬಹಳ ಛಲೋ, ಆಟೋದಲ್ಲಿ ಹೋಗಿ ಬರಬಹುದು. ನಮ್ಮ ಊರಿನ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಹೆಣ್ಣುಮಕ್ಕಳು ಹೇಳಿಕೊಡುವುದಾದರೆ ಅವ್ವ ಖಂಡಿತ ಬರುತ್ತಾಳೆ. ನಿಮ್ಮ ಮನೆಯ ಹಿರಿಯರು ಎಲ್ಲಾದರೂ ಹೋಗುತ್ತಿದ್ದರೆ ಇಲ್ಲೇ ಬರೆಯಿರಿ.