ಅಪ್‌ಡೇಟ್: ಬೀಚಿಗೆ ಗಾಡಿ ಇಳಿಯದಂತೆ ಮಾಡಿದ್ದು

ಕುಂದಾಪುರ ಕಡೆಯ ನಮ್ಮ ಕಡಲತೀರಕ್ಕೆ ಜೀಪು, ಬೈಕು ಇಳಿಯದಂತೆ ತಡೆಯಲು ಬೋರ್ಡ್ ಸಾಕೇ ಎಂದು ಕೇಳಿದ್ದೆ. ಸಾಲದು. ಪಂಚಾಯಿತಿ ಒಪ್ಪಿಗೆಯೊಂದಿಗೆ ರಸ್ತೆ ಮುಗಿಯುವಲ್ಲಿ ಕಲ್ಲುಕಂಬ ನೆಟ್ಟಿದ್ದೇವೆ.

ಕಂಬಗಳ ನಡುವೆ 1.2 ಮೀಟರ್ ಬಿಟ್ಟರೆ ಕಾರು, ಜೀಪು ನುಗ್ಗಲಾರವು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಬೈಕು ಮಾತ್ರ ನುಸುಳುತ್ತದೆ. ಅದಕ್ಕೇ ಹಿಂದೆ ಇನ್ನೊಂದು ಸಾಲು, ಮೊದಲಿನ ಸಂದಿಗೆ ಎದುರಾಗಿ ಕಂಬ ಬರುವಂತೆ. ಪೂರ್ತಿ ತಡೆಯದು, ಆದರೆ ವೇಗವಾಗಿ ನುಗ್ಗುವುದು ನಿಲ್ಲುತ್ತದೆ. ಕಬ್ಬಿಣದ ಪೈಪು ಬೇಡವೇ ಬೇಡ, ಉಪ್ಪುಗಾಳಿಗೆ ಬುಡದಲ್ಲೇ ತುಕ್ಕು ಹಿಡಿಯುತ್ತದೆ. ಬರೀ ಮರಳಲ್ಲಿ ನೆಟ್ಟದ್ದು ಮಳೆಗಾಲದ ಕೊರೆತಕ್ಕೆ ವಾಲುತ್ತದೆ; ರಸ್ತೆಯ ಗಟ್ಟಿ ನೆಲದಲ್ಲೇ 60 ಸೆಂ.ಮೀ. ಆಳ ತೋಡಬೇಕು.

ದೋಣಿ, ಬಲೆ ಸಾಗಿಸಲು ಒಂದು ಕಡೆ ಬೀಗದ ಸರಪಳಿ. ಬೀಗದ ಕೈ ಮೀನುಗಾರರ ಬಳಿಯೇ ಇರಲಿ. ಅವರನ್ನು ಬಿಟ್ಟು ಮಾಡಿದ ತಡೆ ಉಳಿಯುವುದಿಲ್ಲ, ಉಳಿಯಲೂಬಾರದು.

ಆದರೂ ಗಾಡಿ ಇಳಿಸುವವರ ಮೇಲೆ ದೂರು ಕೊಡುವುದಾದರೆ, ಅದರಲ್ಲಿ ಕಡಲಾಮೆಯ ವಿಷಯ ಬಿಡಿಸಿ ಬರೆಯಿರಿ. ಮೊಟ್ಟೆ ಒಡೆದು ಹೊರಬಂದ ಮರಿ ಟೈರಿನ ಅಚ್ಚಿಗೆ ಬಿದ್ದರೆ ಅಡ್ಡ ಹತ್ತಲಾಗದೆ ಅದರುದ್ದಕ್ಕೇ ತೆವಳುತ್ತದೆ. ಕಡಲು ಸೇರುವ ಮೊದಲೇ ಏಡಿಗೋ ಕಾಗೆಗೋ ತುತ್ತು. ಮರಳು ಹಿಡಿದಿಡುವ ಅಡುಂಬು ಬಳ್ಳಿಯೂ ಗಾಲಿಗೆ ಸಿಕ್ಕಿ ಸಾಯುತ್ತದೆ. ಕಡಲಾಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ, ಹಾಗಾಗಿ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ, ಇನ್ನೊಂದು ಜಿಲ್ಲಾಧಿಕಾರಿಗೆ. ಫೋಟೋದಲ್ಲಿ ದಿನಾಂಕ, ಜಿಪಿಎಸ್, ಗಾಡಿಯ ನಂಬರ್ ಕಾಣಲಿ.