ಸಹಾಯ ಬೇಕು: ಜಿಮ್ ನೋವಿಗೆ ಇಷ್ಟೆಲ್ಲಾ ಡಬ್ಬ ಬೇಕಾ?

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಜಿಮ್ ಸೇರಿ ಮೂರು ವಾರ ಆಯ್ತು. ಸೋಮವಾರ ಸ್ಕ್ವಾಟ್ಸ್ ಹೊಡೆದರೆ ಬುಧವಾರ ಕಂಬಿ ಹಿಡ್ಕೊಂಡು ಅಡ್ಡಡ್ಡ ಮೆಟ್ಟಿಲು ಇಳೀಬೇಕು, ಮಗಳು ಬಿದ್ದು ಬಿದ್ದು ನಗ್ತಾಳೆ. 24ರಿಂದ 72 ಗಂಟೆ ಈ ನೋವು ಜೋರಾಗಿರೋದು ಸಹಜ ಅಂತ ಗೊತ್ತು. ಆದರೆ ಟ್ರೇನರ್ ವೇ ಪ್ರೋಟೀನ್ (ಹಾಲಿಂದ ತೆಗೆದ ಪ್ರೋಟೀನ್ ಪುಡಿ), ಬಿಸಿಎಎ (ಪ್ರೋಟೀನಲ್ಲೇ ಇರೋ ಮೂರು ಅಮೈನೋ ಆಮ್ಲಗಳು), ಕ್ರಿಯಾಟಿನ್ (ಸ್ನಾಯು ಶಕ್ತಿಗೆ ತಗೊಳ್ಳೋ ಪುಡಿ) ಮೂರೂ ತಗೊಳ್ಳಿ ಅಂತಿದ್ದಾರೆ, ಅದೂ ಅವರ ಹತ್ರಾನೇ!

ವೇ ಒಳಗೇ ಬಿಸಿಎಎ ಇರುತ್ತಲ್ಲ, ಮತ್ತೆ ಬೇರೆ ಡಬ್ಬ ಯಾಕೆ? ಕ್ರಿಯಾಟಿನ್ ದಿನಕ್ಕೆ 3–5 ಗ್ರಾಂ, ಶಕ್ತಿಗೆ ಸರಿ. ನೋವಿಗೂ ಆಗುತ್ತಾ?

ಮೊಟ್ಟೆ ತಿನ್ನಲ್ಲ, ಪ್ರೋಟೀನಿಗೆ ಹುರುಳಿ ಸಾರು, ಕಡಲೆಕಾಯಿ, ಮೊಸರು ಅಷ್ಟೇ. ಬಿಪಿ ಮಾತ್ರೆ ಇದೆ, ಶನಿವಾರ ಡಾಕ್ಟರನ್ನೂ ಕೇಳ್ತೀನಿ. ಬಳಸಿ ನೋಡಿದವರು ಹೇಳಿ. ಮಾರೋರು ದಯವಿಟ್ಟು ಇನ್‌ಬಾಕ್ಸಿಗೆ ಬರಬೇಡಿ.