ಮನೆಯಲ್ಲೇ ಜೇನು-ಸಾಸಿವೆ ಡ್ರೆಸ್ಸಿಂಗ್: ಕಹಿ ಬಾರದಂತೆ, ಎಣ್ಣೆ ಬಿಡದಂತೆ ಮಾಡುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ)

ಸಲಾಡಿಗೆ ಬೇಕಾದ ಜೇನು-ಸಾಸಿವೆ ಡ್ರೆಸ್ಸಿಂಗನ್ನು ಅಂಗಡಿಯಿಂದ ತರುವುದನ್ನು ಬಿಟ್ಟು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. ಒಗ್ಗರಣೆ ಡಬ್ಬಿಯ ಸಾಸಿವೆಗೆ ನೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಜೇನುತುಪ್ಪ, ನಿಂಬೆರಸ, ಎಣ್ಣೆ ಸೇರಿಸಿದರೆ ಗಂಟಲಿನವರೆಗೂ ಉಳಿಯುವ ಕಹಿ ಬರುತ್ತದೆ, ಘಾಟು ಮೂಗಿಗೇರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ (ಪುತ್ತೂರಿನಿಂದ)

ನಮ್ಮ ಕಡೆ ಸೌತೆಕಾಯಿ, ಅನಾನಸು, ಕಾಟುಮಾವಿನ ಹಣ್ಣುಗಳಿಂದ ಮಾಡುವ ‘ಸಾಸಿವೆ’ ಎಂಬ ಪದಾರ್ಥಕ್ಕೆ ಹಸಿ ಸಾಸಿವೆಯನ್ನೇ ಅರೆಯುವುದರಿಂದ ಈ ಕಹಿಯ ಪರಿಚಯ ಎಲ್ಲ ಅಡುಗೆಮನೆಗಳಿಗೂ ಇದೆ. ಕಾಯಿತುರಿ ನುಣ್ಣಗಾದ ಮೇಲೆ ಕೊನೆಯಲ್ಲಿ ಸಾಸಿವೆ ಹಾಕಿ, ಒಂದೆರಡು ಸುತ್ತು ತಿರುಗಿಸಿ ನಿಲ್ಲಿಸಿಬಿಡುವುದು ವಾಡಿಕೆ. ಮಾವಿನ ಹಣ್ಣಿನ ಸಾಸಿವೆಯಲ್ಲಿ ಬೆಲ್ಲದ ಸಿಹಿ, ಹಣ್ಣಿನ ಹುಳಿ, ಸಾಸಿವೆಯ ಘಾಟು ಮೂರೂ ಸೇರಿರುತ್ತವೆ. ನೀವು ಕೇಳಿರುವ ಡ್ರೆಸ್ಸಿಂಗಿನ ರುಚಿಯ ಲೆಕ್ಕವೂ ಅದೇ ಆಗಿದೆ.

ಇಡೀ ಸಾಸಿವೆ ಕಾಳಿಗೆ ಘಾಟಿಲ್ಲ ಎಂಬುದನ್ನು ಬಾಯಿಗೆ ಹಾಕಿಕೊಂಡು ನೋಡಿದರೆ ತಿಳಿಯುತ್ತದೆ. ಕಾಳು ಒಡೆದು ನೀರು ತಾಗಿದಾಗ, ಅದರೊಳಗೆ ಬೇರೆಬೇರೆಯಾಗಿದ್ದ ಸಿನಿಗ್ರಿನ್ ಎಂಬ ವಸ್ತುವೂ ಮೈರೊಸಿನೇಸ್ ಎಂಬ ಕಿಣ್ವವೂ ಕೂಡಿ, ಮೂಗಿಗೇರುವ ಆ ಖಾರದ ಎಣ್ಣೆ ಹುಟ್ಟುತ್ತದೆ. ತಣ್ಣೀರು ಈ ಕ್ರಿಯೆಗೆ ಅನುಕೂಲ. ಕುದಿಯುವ ನೀರು ಹಾಕಿದರೆ ಕಿಣ್ವ ಕೆಟ್ಟು ಕಹಿ ಮಾತ್ರ ಉಳಿಯುತ್ತದೆ. ಹುಳಿ ಬಿದ್ದರೆ ಕ್ರಿಯೆ ತಡೆಯುತ್ತದೆ, ಅಷ್ಟರವರೆಗೆ ಹುಟ್ಟಿರುವ ಘಾಟು ಬೇಗ ಹಾರಿಹೋಗದೆ ನಿಲ್ಲುತ್ತದೆ. ಆದ್ದರಿಂದ ವಿನೆಗರನ್ನು ಯಾವಾಗ ಹಾಕುತ್ತೀರಿ ಎಂಬುದರ ಮೇಲೆ ಘಾಟಿನ ಪ್ರಮಾಣ ನಿಂತಿದೆ.

ಎರಡನೆಯದು ಕಾಳಿನ ಆಯ್ಕೆ. ನಮ್ಮ ಒಗ್ಗರಣೆಯ ಕಂದು ಸಾಸಿವೆ ಬಹಳ ಖಾರ. ದಪ್ಪ ಕಾಳಿನ ಹಳದಿ ಸಾಸಿವೆ ಸೌಮ್ಯ, ಅದರ ಘಾಟು ನಾಲಿಗೆಯ ಮೇಲೇ ಉಳಿಯುತ್ತದೆ, ಮೂಗಿಗೆ ಏರುವುದಿಲ್ಲ. ಮೂರು ಟೇಬಲ್ ಚಮಚ ಹಳದಿ ಸಾಸಿವೆಗೆ ಒಂದು ಚಮಚ ಕಂದು ಸಾಸಿವೆ ಸೇರಿಸಿ, ಒಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗುತ್ತದೆ. ನಾಲ್ಕು ಚಮಚ ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ಆಮೇಲೆ ಮೂರು ಚಮಚ ವಿನೆಗರ್, ಅರ್ಧ ಟೀ ಚಮಚ ಉಪ್ಪು, ಬಣ್ಣ ಬೇಕಿದ್ದರೆ ಒಂದು ಚಿಟಿಕೆ ಅರಿಶಿನ ಹಾಕಿ. (ಅಮೆರಿಕದ ಸಾಸಿವೆ ಬಾಟಲಿಗಳ ಕಣ್ಣು ಕುಕ್ಕುವ ಹಳದಿಯೂ ಅರಿಶಿನದ್ದೇ.) ಆ ಹೊತ್ತಿಗೆ ರುಚಿ ನೋಡಿದರೆ ಕಹಿಯಾಗಿಯೇ ಇರುತ್ತದೆ. ಅದನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಕಹಿ ಬಹುಮಟ್ಟಿಗೆ ಇಳಿಯುತ್ತದೆ, ಕಾಳು ನೀರು ಹೀರಿ ಮುದ್ದೆ ಗಟ್ಟಿಯಾಗುತ್ತದೆ. ಕಹಿ ಮುಚ್ಚಲೆಂದು ಅಂದೇ ಜೇನುತುಪ್ಪ ಸುರಿಯುವುದು ವ್ಯರ್ಥ ಖರ್ಚು. ಜೇನು ಸೇರಿಸುವುದು ಮೂರನೆಯ ದಿನದ ಕೆಲಸ.

ಉತ್ತರ (ಹುಬ್ಬಳ್ಳಿಯಿಂದ)

ಎಣ್ಣೆ ಬೇರೆಯಾಗುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಬಾರದು. ಮೊದಲು ಎರಡು ಟೇಬಲ್ ಚಮಚ ಸಾಸಿವೆ ಮುದ್ದೆ, ಎರಡು ಚಮಚ ಜೇನು, ಎರಡು ಚಮಚ ನಿಂಬೆರಸ ಅಥವಾ ವಿನೆಗರ್, ಉಪ್ಪು, ಕಾಳುಮೆಣಸಿನ ಪುಡಿ ಇಷ್ಟನ್ನು ಉಪ್ಪು ಕರಗುವ ತನಕ ಕಲಕಿ, ಆಮೇಲೆ ಐದಾರು ಚಮಚ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ನಂತರ ಸಣ್ಣ ಧಾರೆಯಾಗಿ ಬಿಡುತ್ತ ಕಡೆಯುತ್ತಿರಬೇಕು. ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆಯೂ ಅದರ ಪ್ರೋಟೀನೂ ಎಣ್ಣೆಯ ಸಣ್ಣ ಹನಿಗಳನ್ನು ಸುತ್ತುವರಿದು ಹಿಡಿದಿಡುತ್ತವೆ. ಹೀಗೆ ಮಾಡಿದ್ದು ಗಂಟೆಗಟ್ಟಲೆ ಒಡೆಯುವುದಿಲ್ಲ. ಮರುದಿನ ಸ್ವಲ್ಪ ಎಣ್ಣೆ ಬಿಟ್ಟರೆ ಸೀಸೆಯನ್ನು ಅಲುಗಾಡಿಸಿದರೆ ಸಾಕು.

ನಮ್ಮಲ್ಲಿ ಗಾಣದ ಶೇಂಗಾ ಎಣ್ಣೆ ಮನೆಮಾತಾದರೂ ಇದಕ್ಕೆ ಅದರ ವಾಸನೆ ಜಾಸ್ತಿಯಾಗುತ್ತದೆ. ಕುಸುಬಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಬಳಸುವುದಾದರೆ ಮಿಕ್ಸಿಗೆ ಹಾಕದೆ ಕೈಯಿಂದಲೇ ಕಡೆಯಿರಿ, ಮಿಕ್ಸಿಯ ವೇಗಕ್ಕೆ ಅದೂ ಕಹಿಯಾಗಬಲ್ಲದು. ಫ್ರಿಜ್ಜಿನಲ್ಲಿ ಆಲಿವ್ ಎಣ್ಣೆ ಹೆಪ್ಪುಗಟ್ಟಿದರೆ ಗಾಬರಿಯಾಗಬೇಕಿಲ್ಲ, ಊಟಕ್ಕೆ ಸ್ವಲ್ಪ ಮುಂಚೆ ಹೊರಗಿಡಿ.

ಉತ್ತರ (ನ್ಯೂಜೆರ್ಸಿಯಿಂದ)

ಪುತ್ತೂರಿನವರ ವಿಧಾನ ಸರಿಯಾಗಿಯೇ ಇದೆ, ಆದರೆ ಮಕ್ಕಳಿರುವ ಮನೆಗೆ ಅದೂ ಖಾರವಾಗಬಹುದು. ಅಂಥವರು ಇಡೀ ಕಾಳನ್ನೇ ಮುಳುಗುವಷ್ಟು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತರಿತರಿಯಾಗಿ ರುಬ್ಬಿದರೆ, ಹುಳಿ ಮೊದಲೇ ಕೂತಿರುವುದರಿಂದ ಘಾಟು ಹೆಚ್ಚು ಹುಟ್ಟುವುದೇ ಇಲ್ಲ. ಕಾಳು ಬಾಯಿಗೆ ಸಿಗುವ ಈ ಬಗೆ ನನಗೆ ನುಣ್ಣನೆಯದಕ್ಕಿಂತ ಹೆಚ್ಚು ಇಷ್ಟ.

ಎರಡು ದಿನ ಕಾಯುವ ವ್ಯವಧಾನವಿಲ್ಲದವರಿಗೆ ಡಿಜೋನ್ ಸಾಸಿವೆಯ ಬಾಟಲಿ ಇದ್ದೇ ಇದೆ. ಫ್ರಾನ್ಸಿನ ಡಿಜೋನ್ ನಗರದಲ್ಲಿ 1856ರಲ್ಲಿ ಝಾನ್ ನೆಝೋನ್ ಎಂಬಾತ ವಿನೆಗರಿಗೆ ಬದಲು ಎಳೆ ದ್ರಾಕ್ಷಿಯ ಹುಳಿರಸ ಬಳಸಿದ್ದರಿಂದ ಅದಕ್ಕೆ ಆ ಮೃದುವಾದ ಹುಳಿ ಬಂತೆಂದು ಹೇಳುತ್ತಾರೆ. ಅದನ್ನು ತಂದರೆ ಹುಬ್ಬಳ್ಳಿಯವರು ಹೇಳಿದ ಅಳತೆಯನ್ನೇ ಅನುಸರಿಸಿ, ಉಪ್ಪನ್ನು ಮಾತ್ರ ಅರ್ಧ ಮಾಡಿ. ಬಾಟಲಿಯಲ್ಲಿ ಮೊದಲೇ ಉಪ್ಪಿರುತ್ತದೆ.

ಇಲ್ಲಿನ ಹೋಟೆಲುಗಳಲ್ಲಿ ಸಿಗುವ ಬೆಣ್ಣೆಯಂಥ ಗಟ್ಟಿ ಡ್ರೆಸ್ಸಿಂಗಿಗೆ ಮಯೋನೀಸ್ ಬೆರೆಸಿರುತ್ತಾರೆ. ಹಸಿಮೊಟ್ಟೆಯ ಮಯೋನೀಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷ ನಿಷೇಧಿಸಿದ್ದನ್ನು ನೆನೆದರೆ ಮೊಟ್ಟೆ ಬೇಡವೆಂಬ ನಿಮ್ಮ ನಿಯಮ ಅನುಕೂಲವೇ ಆಯಿತು. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಹುಳಿಯಿಲ್ಲದ ಮೊಸರನ್ನು ನಾಲ್ಕು ಚಮಚ ಸೇರಿಸಿ, ಎಣ್ಣೆಯನ್ನು ಎರಡು ಚಮಚಕ್ಕೆ ಇಳಿಸಿದರೆ ಅದೇ ಗಟ್ಟಿತನ ಬರುತ್ತದೆ. ಇದನ್ನು ಮೂರು ದಿನದೊಳಗೆ ಮುಗಿಸಿ. ಮೊಸರಿಲ್ಲದ್ದು ಫ್ರಿಜ್ಜಿನಲ್ಲಿ ಒಂದು ವಾರ ಧಾರಾಳವಾಗಿ ಇರುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕುವುದಾದರೆ ಅಂದಿನದನ್ನು ಅಂದೇ ಖರ್ಚು ಮಾಡುವುದು ಕ್ಷೇಮ, ಏಕೆಂದರೆ ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಉತ್ತರ (ಮಡಿಕೇರಿಯಿಂದ)

ಜೇನಿನ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹೆಜ್ಜೇನಿನ ತುಪ್ಪದಲ್ಲಿ ನೀರಿನಂಶ ಹೆಚ್ಚಿರುವುದುಂಟು. ಅದನ್ನು ಹಾಕಿದರೆ ಡ್ರೆಸ್ಸಿಂಗ್ ತೆಳ್ಳಗಾಗುತ್ತದೆ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನಿನ, ಚೆನ್ನಾಗಿ ಹಣ್ಣಾದ ಗಟ್ಟಿ ತುಪ್ಪ ಇದಕ್ಕೆ ಹೊಂದುತ್ತದೆ. ತೀರ ಕಪ್ಪಗಿರುವ, ಒಗರಾದ ತುಪ್ಪ ರೊಟ್ಟಿಯ ಜೊತೆ ಚೆನ್ನ. ಸಾಸಿವೆಯ ಜೊತೆ ಕೂಡಿದರೆ ಕಹಿ ಎದ್ದು ಕಾಣುತ್ತದೆ. ಸಕ್ಕರೆಯ ಹರಳು ಕಟ್ಟಿದ ತುಪ್ಪ ಕೆಟ್ಟಿಲ್ಲ, ಕೈ ಅದ್ದಲು ಆಗುವಷ್ಟು ಬೆಚ್ಚಗಿನ ನೀರಿನಲ್ಲಿ ಸೀಸೆಯನ್ನು ನಿಲ್ಲಿಸಿದರೆ ಕರಗುತ್ತದೆ. ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಜೇನು ಬೆರೆತ ಯಾವುದನ್ನೂ ಅದರ ಬಾಯಿಗೆ ತಾಗಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಳದಿ ಸಾಸಿವೆ ತಂದು ಕಲಸಿಟ್ಟಿದ್ದೇನೆ. ಒಂದು ಅನುಮಾನ: ಬಂಗಾಳದ ಕಸುಂದಿ ಎಂಬ ಸಾಸಿವೆ ಗೊಜ್ಜಿನ ಬಾಟಲಿಯೊಂದು ಮನೆಯಲ್ಲಿದೆ, ಅವಸರಕ್ಕೆ ಅದನ್ನೇ ಬಳಸಬಹುದೇ?

ಉತ್ತರ (ಪುತ್ತೂರಿನಿಂದ)

ಬಳಸಬಹುದು, ಆದರೆ ಒಂದೇ ಚಮಚದಿಂದ ಆರಂಭಿಸಿ. ಕಸುಂದಿ ನಮ್ಮ ಮುದ್ದೆಗಿಂತ ಖಾರ; ಅದರಲ್ಲಿ ಉಪ್ಪಿರುತ್ತದೆ, ಕೆಲವದರಲ್ಲಿ ಹಸಿಮೆಣಸು, ಮಾವಿನಕಾಯಿ, ಸಾಸಿವೆ ಎಣ್ಣೆಯೂ ಇರುತ್ತವೆ. ಆದ್ದರಿಂದ ನಿಂಬೆರಸವನ್ನೂ ಉಪ್ಪನ್ನೂ ಕೊನೆಯಲ್ಲಿ ರುಚಿ ನೋಡಿಯೇ ಸೇರಿಸಿ. ಎಳೆ ಸೌತೆ, ಎಲೆಕೋಸಿಗೆ ಅದು ಹೊಂದುತ್ತದೆ, ಲೆಟ್ಯೂಸಿನಂಥ ತೆಳು ಎಲೆಗೆ ಭಾರವಾಗುತ್ತದೆ.